ನಿಂಬೆಹಣ್ಣಿನ ಡಬ್ಬಾದ ಕಿಂಡಿ

ಇಪ್ಪತ್ತಾರು ವರ್ಷ ಹಡಗಿನ ಕಾಗದ ಬರೆದೂ ನಾನು ಹಡಗು ನೋಡಿರಲಿಲ್ಲ. ಗೇಟ್‌ವೇ ಹತ್ತಿರ ಭೇಲ್ ತಿನ್ನುತ್ತ ನಿಂತಾಗ ದೂರದಲ್ಲಿ ಬೆಂಕಿಕಡ್ಡಿಯಷ್ಟು ಕಾಣುತ್ತದಲ್ಲ, ಅದನ್ನು ನೋಡಿದ ಲೆಕ್ಕಕ್ಕೆ ಹಿಡಿಯುವುದು ಬೇಡ. ಮನೆಗೆ ಬಂದವರು ಯಾರಾದರೂ "ಅಯ್ಯ, ಮುಂಬೈಯಾಗ ಇದ್ದೂ ಹಡಗು ನೋಡಿಲ್ಲೇನ್ರಿ?" ಅಂದರೆ ನನಗೆ ಮೂಗಿನ ತುದಿಗೇ ಸಿಟ್ಟು. "ದಿನಾ ಪಾವ್ ತಿಂತೀರಲ್ಲ, ಪಾವಿನ ಭಟ್ಟಿ ನೋಡೀರೇನ್ರಿ?" ಅಂತ ಅವರ ಬಾಯಿ ಮುಚ್ಚಿಸಿ ಚಹಾ ಸೋಸಲು ಒಳಗೆ ಹೋಗುತ್ತಿದ್ದೆ.

ನನ್ನ ಕೆಲಸ ಇಷ್ಟು. ಮುಲುಂಡಿನಿಂದ ಲೋಕಲ್ ಹಿಡಿದು ಫೋರ್ಟಿನ ಒಂದು ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಗೆ ಹೋಗುವುದು, ಪರದೇಶಕ್ಕೆ ಮಾಲು ಕಳಿಸುವವರ ಪರವಾಗಿ ಕಾಗದಪತ್ರ ತಯಾರಿಸುವುದು. ಏನು ಮಾಲು, ಎಷ್ಟು ತೂಕ, ಯಾವ ಕಂಟೇನರು, ಯಾವ ಹಡಗು, ಯಾವ ಊರು. ಕಂಟೇನರಿಗೆ ನಮ್ಮಲ್ಲಿ ಎಲ್ಲರೂ ಡಬ್ಬಾ ಅಂತಲೇ ಅನ್ನುವುದು. ಡಬ್ಬಾಗಳು ಖಾಡಿಯ, ಅಂದರೆ ಕೊಲ್ಲಿಯ, ಆಚೆ ದಂಡೆಯ ದೊಡ್ಡ ಬಂದರಿನಿಂದ ಹೋಗುತ್ತವೆ, ಅವುಗಳ ಕಾಗದ ಈಚೆ ದಂಡೆಯ ನನ್ನ ಮೇಜಿನಿಂದ ಹೋಗುತ್ತದೆ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಮೀನು, ಸೀಗಡಿ. ಕಲ್ಲಿನಂತೆ ಹೆಪ್ಪುಗಟ್ಟಿಸಿ, ಕರೆಂಟಿನ ಮೇಲೆ ಓಡುವ ತಣ್ಣನೆಯ ಡಬ್ಬಾಗಳಲ್ಲಿ ಕಳಿಸುವಂಥದ್ದು. ಶುದ್ಧ ಶಾಕಾಹಾರಿ ಮನೆಯಲ್ಲಿ ಹುಟ್ಟಿದ ನಾನು ಜಗತ್ತಿನ ಎಷ್ಟೋ ಊರುಗಳಿಗೆ ಮೀನು ಉಣಿಸಿದ್ದೇನೆ, ಒಂದನ್ನೂ ಮುಟ್ಟದೆ.

ಈ ಧಂಧೆಯಲ್ಲಿ ಒಂದು ರೂಢಿ ಇದೆ. ಹೊಸ ಫಾರ್ಮನ್ನು ಯಾರೂ ಖಾಲಿಯಿಂದ ಶುರು ಮಾಡುವುದಿಲ್ಲ. ಹಿಂದಿನ ಡಬ್ಬಾದ ಫಾರ್ಮು ತೆರೆಯಬೇಕು, ಬದಲಾಗಬೇಕಾದ್ದನ್ನು ಬದಲಿಸಬೇಕು, ಉಳಿದದ್ದು ಹಾಗೇ ಇರಲಿ. ಕೆಲಸ ಬೇಗ ಆಗುತ್ತದೆ. ಆಫೀಸಿಗೆ ಬಂದ ಎಷ್ಟೋ ಹೊಸಬರಿಗೆ ಇದನ್ನು ನಾನೇ ಕಲಿಸಿದ್ದೇನೆ, ಕಲಿಯದವರಿಗೆ "ನಿನಗ ಭಾಳ ಪುರಸೊತ್ತು ಐತಿ ಅಂತ ಕಾಣಸ್ತದ, ಖಾಲಿ ಫಾರ್ಮ್ ತುಂಬಿಕೋತ ಕೂಡು" ಅಂತ ಬೈದೂ ಇದ್ದೇನೆ. ನನ್ನ ಕೈಯಿಂದ ತಪ್ಪಾಗುವುದಿಲ್ಲ ಅನ್ನುವ ಜಂಬ ನನಗೆ ಬೇಕಾದಷ್ಟು ಇತ್ತು.

ನನಗೊಬ್ಬ ತಮ್ಮ. ನನಗಿಂತ ಆರು ವರ್ಷ ಚಿಕ್ಕವನು. ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿನ ಸಗಟು ವ್ಯಾಪಾರಿ. ನಮ್ಮ ವಿಜಯಪುರ ಕಡೆಯ ತೆಳು ಸಿಪ್ಪೆಯ ನಿಂಬೆಹಣ್ಣು ಅವನ ಗಾಳೆಗೆ, ಅಂದರೆ ಮಾರ್ಕೆಟ್ಟಿನ ಮಳಿಗೆಗೆ, ಬರುತ್ತದೆ. ಅವನು ಆರಿಸಿ, ಒರೆಸಿ, ಗಾತ್ರ ನೋಡಿ ಕಟ್ಟಿಸಿದ ಹಣ್ಣು ಎಷ್ಟೋ ವರ್ಷಗಳಿಂದ ಅರಬ್ ದೇಶಗಳಿಗೆ ಹೋಗುತ್ತಿತ್ತು, ಆದರೆ ಬೇರೆ ದೊಡ್ಡ ವ್ಯಾಪಾರಿಗಳ ಹೆಸರಿನಲ್ಲಿ. ಪೆಟ್ಟಿಗೆಯ ಮೇಲೆ ಅವರ ಹೆಸರು, ಹಣ್ಣು ಚಲೋ ಇತ್ತು ಅನ್ನುವ ಮಾತೂ ಅವರಿಗೇ. ಈ ಮಳೆಗಾಲ ಮೊದಲ ಸಲ ಅವನ ಸ್ವಂತ ಹೆಸರಿನಲ್ಲಿ ಒಂದು ಇಡೀ ಡಬ್ಬಾ ಹೋಗುವುದಿತ್ತು. ಅರಬ್ ದೇಶದ ಖರೀದಿದಾರ ಒಂದೇ ಒಂದು ಡಬ್ಬಾ ನೋಡುತ್ತೇನೆ ಅಂದಿದ್ದ. ಹಸಿರಾಗಿ ಬಂದರೆ ಮುಂದೆ ಮಾತು, ಹಳದಿಯಾಗಿ ಬಂದರೆ ನಮಸ್ಕಾರ.

ಅವತ್ತು ಅವನು ಮುಲುಂಡಿಗೆ ಪೇಢೆ ತಗೊಂಡು ಬಂದ. ಹೊಸ ರಟ್ಟಿನ ಪೆಟ್ಟಿಗೆಯೊಂದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ, ತನ್ನ ಹೆಸರು ಅಚ್ಚಾದದ್ದನ್ನು ತೋರಿಸಲಿಕ್ಕೆ. "ಅಕ್ಕಾ, ಕಾಗದ ನೀನ ಬರೀಬೇಕು" ಅಂದ.

"ಬ್ಯಾರೆ ಯಾರಿಗರೆ ಕೊಟ್ಟ ನೋಡು, ಕಾಲ ಮುರೀತೀನಿ" ಅಂದೆ.

ಮರುದಿನ ಹಿಂದಿನ ವಾರದ ಮೀನಿನ ಫಾರ್ಮು ತೆರೆದೆ. ಮೀನು ತೆಗೆದು ನಿಂಬೆಹಣ್ಣು ಹಾಕಿದೆ. ಮೈನಸ್ ಹದಿನೆಂಟು ತೆಗೆದು ಎಂಟು ಡಿಗ್ರಿ ಹಾಕಿದೆ. ತೂಕ, ಊರು, ಹಡಗು ಎಲ್ಲ ಬದಲಿಸಿದೆ. ಎರಡು ಸಲ ಓದಿದೆ. ಕಳಿಸಿದೆ.

ಡಬ್ಬಾ ವಿಜಯಪುರದ ಕಡೆ ಹೋಗಿ, ಹಣ್ಣು ತುಂಬಿಕೊಂಡು, ಲಾರಿಯ ಮೇಲೆ ಎರಡು ದಿನ ಪ್ರಯಾಣ ಮಾಡಿ ಬಂದರಿನೊಳಗೆ ಹೋಯಿತು. ಅದರ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಲೋಕಲ್ಲಿನಲ್ಲಿದ್ದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕದವರೆಲ್ಲ ಸೀರೆ ನೆನೆಯುತ್ತದೆಂದು ಗಾಜು ಇಳಿಸಿ ಮುಚ್ಚಿದ್ದರು. ಒದ್ದೆ ಛತ್ರಿ, ಒದ್ದೆ ಕೂದಲು, ನೂರಾರು ಹೆಂಗಸರ ಉಸಿರು. ಕುರ್ಲಾ ದಾಟುವ ಹೊತ್ತಿಗೆ ಒಬ್ಬಾಕೆ ನಡುವಿನಿಂದ ಕೂಗಿದಳು, "ಅರೇ ಖಿಡಕೀ ಖೋಲೋ, ದಮ್ ಘುಟ್ ರಹಾ ಹೈ!" ಉಸಿರು ಕಟ್ಟುತ್ತಿದೆ, ಕಿಟಕಿ ತೆಗೀರಿ ಅಂತ.

ನನಗೆ ಫಾರ್ಮು ನೆನಪಾಯಿತು.

ಫಾರ್ಮಿನಲ್ಲಿ ಕೆಳಗೊಂದು ಸಾಲು ಇರುತ್ತದೆ, ಗಾಳಿಕಿಂಡಿಯದು. ತಣ್ಣನೆಯ ಡಬ್ಬಾದ ಯಂತ್ರದ ಮೇಲೆ ಹೊರಗಿನ ಗಾಳಿಗೆ ಒಂದು ಸಣ್ಣ ಕಿಂಡಿ. ಹೆಪ್ಪುಗಟ್ಟಿದ ಮೀನಿಗೆ ಅದು ಮುಚ್ಚಿರಬೇಕು. ಹಣ್ಣಿಗೆ ತೆರೆದಿರಬೇಕು, ಯಾಕೆಂದರೆ ಕಿತ್ತ ಮೇಲೂ ಹಣ್ಣು ಉಸಿರಾಡುತ್ತಲೇ ಇರುತ್ತದೆ. ಮುಚ್ಚಿಟ್ಟರೆ ತನ್ನ ಉಸಿರಿನಲ್ಲಿ ತಾನೇ ಬೆಂದು ಹಳದಿಯಾಗಿ, ಕೊನೆಗೆ ಕೊಳೆಯುತ್ತದೆ. ನಾನು ಎಲ್ಲ ಬದಲಿಸಿದ್ದೆ, ಆ ಒಂದು ಸಾಲು ಬಿಟ್ಟು. ಅಲ್ಲಿ ಮೀನಿನದೇ ಉಳಿದಿತ್ತು. ಕಿಂಡಿ: ಬಂದ್.

ಜನರ ನಡುವೆಯೇ ಕೈ ತೂರಿಸಿ ಫೋನು ತೆಗೆದೆ. ಬಂದರಿನಲ್ಲಿ ತಣ್ಣನೆಯ ಡಬ್ಬಾಗಳನ್ನು ನೋಡಿಕೊಳ್ಳುವ ಮೇಸ್ತ್ರಿಯೊಬ್ಬರಿದ್ದಾರೆ, ಬೆಳಗಾವಿ ಕಡೆಯ ಸಾಹೇಬರು. ಎಂಟು ವರ್ಷದಿಂದ ಪರಿಚಯ, ಮುಖ ನೋಡಿಲ್ಲ. ಮೊದಮೊದಲು ಹಿಂದಿಯಲ್ಲಿ ಜಗಳಾಡುತ್ತಿದ್ದೆವು. ಒಮ್ಮೆ ನಾನು ಫೋನು ದೂರ ಹಿಡಿದು "ಈ ಮಬ್ಬಗ ಯಾವಾಗ ತಿಳೀತದೋ ಏನೋ" ಅಂತ ಗೊಣಗಿದರೆ, ಆಚೆಯಿಂದ "ತಿಳೀತದ್ರಿ ಅಕ್ಕಾರ, ಸ್ವಲ್ಪ ಸಾವಕಾಶ ಹೇಳ್ರಿ" ಅಂತ ಕನ್ನಡ ಬಂತು. ಅವತ್ತಿನಿಂದ ಜಗಳ ಕನ್ನಡದಲ್ಲೇ.

ತಮ್ಮನ ಡಬ್ಬಾದ ಕಿಂಡಿ ನೋಡಲು ಹೇಳಿದೆ. ಅವರು ಹೋಗಿ ನೋಡಿ ಬಂದು ಹೇಳಿದರು, "ಬಂದ್ ಐತ್ರಿ ಅಕ್ಕಾರ. ನಾ ತೆರೀಲಾಕ ಬರೂದಿಲ್ರಿ. ಕಾಗದದಾಗ ಬಂದ್ ಅಂತ ಬರದೀರಿ. ನಾಳೆ ಮಾಲು ಕೆಟ್ರ ಯಾರು ಹೇಳಿದ್ರು ಅಂತ ನನ್ನ ಕುತ್ತಿಗಿ ಹಿಡೀತಾರ. ಸಹಿ ಮಾಡಿದವರ ಬಂದು, ಗೇಟಿನ ಆಫೀಸಿನಾಗ ಹೊಸ ಕಾಗದ ಬರದು ಕೊಡಬೇಕ್ರಿ. ಹಡಗು ನಿಂತೈತಿ. ಮಧ್ಯಾಹ್ನ ಒಂದರ ಒಳಗ ಏರಸ್ತಾರ."

ಸಹಿ ಮಾಡಿದವಳು ನಾನೇ. ಬೈಕುಲ್ಲಾ ಬಂದಾಗ ಹೆಂಗಸರನ್ನು ತಳ್ಳಿ, ಬೈಸಿಕೊಂಡು, ಇಳಿದೆ.

ತಮ್ಮ ತನ್ನ ಗಾಳೆಯಲ್ಲಿ ನಿಂಬೆಹಣ್ಣಿನ ರಾಶಿಯ ಮುಂದೆ ಕೂತು ಗಾತ್ರ ಆರಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಯಾಕ ಅಕ್ಕಾ, ಇಲ್ಲಿ? ಆಫೀಸಿಲ್ಲೇನು?"

ನಿಜ ಹೇಳಬೇಕೆಂದೇ ಬಂದಿದ್ದೆ. ಅವನ ಹಿಂದೆ ಅವನ ಹೆಸರಿನ ಪೆಟ್ಟಿಗೆಗಳು ಒಟ್ಟಿದ್ದವು. "ಏನಿಲ್ಲೋ, ಒಂದು ಸಹಿ ಉಳಿದೈತಿ. ಬಂದರಕ್ಕ ಹೋಗಬೇಕು, ವ್ಯಾನ್ ತಗಿ" ಅಂದೆ. ಅವನು ಕೀಲಿ ತಗೊಂಡ.

ಶಿವಡಿಯಿಂದ ಸಮುದ್ರದ ಮೇಲಿನ ಹೊಸ ಸೇತುವೆ ಹತ್ತಿದೆವು. ಮಳೆ ನಿಂತಿತ್ತು. ಎರಡೂ ಕಡೆ ನೀರು, ಮುಂದೆ ರಸ್ತೆಗೆ ಕೊನೆಯೇ ಕಾಣದು. ಬೇರೆ ದಿನವಾಗಿದ್ದರೆ ಬಾಯಿ ಬಿಟ್ಟು ನೋಡುತ್ತಿದ್ದೆ. ಅವತ್ತು ಗಡಿಯಾರ ನೋಡುತ್ತ ಕೂತೆ. ತಮ್ಮ ಒಂದೇ ಸಮನೆ ಮಾತಾಡುತ್ತಿದ್ದ. ಖರೀದಿದಾರ ಹಣ್ಣು ಬಂದ ದಿನ ಡಬ್ಬಾ ತೆರೆಯುವುದನ್ನು ಫೋನಿನಲ್ಲೇ ತೋರಿಸುತ್ತಾನಂತೆ. ನಾನು "ಹೂಂ, ಹೂಂ" ಅನ್ನುತ್ತಿದ್ದೆ.

ಗೇಟಿನ ಆಫೀಸಿನಲ್ಲಿ ಹೊಸ ಕಾಗದ ಬರೆದೆ. ಕಿಂಡಿ ತೆರೆಯಬೇಕು, ಜವಾಬ್ದಾರಿ ನನ್ನದು, ಸಹಿ. ಅಲ್ಲಿದ್ದವರು ಠಸ್ಸೆ ಹೊಡೆದರು. ತೆರೆದದ್ದನ್ನು ನೋಡಿ ಇನ್ನೊಂದು ಸಹಿ ಹಾಕಬೇಕಾದ್ದರಿಂದ ನನಗೊಬ್ಬಳಿಗೆ ಒಂದು ದಿನದ ಪಾಸು ಕೊಟ್ಟರು. ತಮ್ಮನಿಗೆ ಕೊಡಲಿಲ್ಲ. "ನನ್ನ ಮಾಲ್ರೀ ಅದು" ಅಂದ. ಮಾಲಿನ ಮಾಲೀಕರಿಗೆ ಒಳಗೆ ಕೆಲಸವಿಲ್ಲ ಅಂದರು. ಅವನು ವ್ಯಾನಿಗೆ ಒರಗಿ ನಿಂತ. ನನಗೆ ತಲೆಗೊಂದು ಹೆಲ್ಮೆಟ್ಟು, ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು, ಕಾಲಿಗೆ ಗಂಡಸರ ಬೂಟು. ಒಂದೇ ಬೂಟಿನೊಳಗೆ ನನ್ನ ಎರಡೂ ಪಾದ ಹಿಡಿಸುವಷ್ಟು ಜಾಗವಿತ್ತು.

ಮೇಸ್ತ್ರಿ ಜೀಪಿನ ಹತ್ತಿರ ನಿಂತಿದ್ದರು. ಬೆಳ್ಳಗಾದ ಗಡ್ಡ, ಸಣ್ಣ ದೇಹ. ದನಿ ಕೇಳಿ ನಾನು ಆರಡಿ ಆಳು ಅಂದುಕೊಂಡಿದ್ದೆ. ಅವರೂ ನನ್ನನ್ನು ನೋಡಿ, "ಇಷ್ಟ ಸಣ್ಣಾಕಿ ಇಷ್ಟ ಬೈತಿದ್ರೇನ್ರಿ?" ಅಂತ ನಕ್ಕರು.

ಜೀಪು ಒಳಗೆ ಹೋಯಿತು.

ಡಬ್ಬಾಗಳು. ಒಂದರ ಮೇಲೊಂದು ಐದು, ಅವುಗಳ ಪಕ್ಕ ಮತ್ತೈದು, ಹೀಗೆ ಬೀದಿಗಳು, ಬೀದಿಗಳಿಗೆ ಅಡ್ಡಬೀದಿಗಳು. ಕೆಂಪು, ನೀಲಿ, ಹಸಿರು, ತುಕ್ಕು ಹಿಡಿದವು, ನಿನ್ನೆ ಬಣ್ಣ ಬಳಿದಂಥವು. ಮನುಷ್ಯರೇ ಇಲ್ಲ. ಎತ್ತರದ ಚಕ್ರದ ಯಂತ್ರಗಳು ತಮ್ಮಷ್ಟಕ್ಕೆ ಬಂದು, ಮೇಲಿನಿಂದ ಒಂದು ಡಬ್ಬಾ ಎತ್ತಿಕೊಂಡು, ಇನ್ನೊಂದು ಕಡೆ ಮೆಲ್ಲಗೆ ಇಳಿಸುತ್ತಿದ್ದವು. ಎತ್ತುವ ಭಾರ ನನಗೆ ಗೊತ್ತಿತ್ತು, ಅಂಕಿಯಲ್ಲಿ. ಇಪ್ಪತ್ತಾರು ವರ್ಷ ಆ ಅಂಕಿಗಳನ್ನು ಬೆರಳ ತುದಿಯಿಂದ ಒತ್ತಿದ್ದೇನೆ, ಅದು ಹೀಗೆ ಗಾಳಿಯಲ್ಲಿ ತೂಗುತ್ತದೆ ಅಂತ ಒಂದು ದಿನವೂ ಅಂದುಕೊಂಡಿರಲಿಲ್ಲ.

ಡಬ್ಬಾಗಳ ಮೇಲೆ ಬರೆದ ಅಕ್ಷರ, ಅಂಕಿ ಓದುತ್ತ ಹೋದೆ. ಯಾವ ಅಕ್ಷರ ಯಾವ ಕಂಪನಿಯದು ಅಂತ ನಿದ್ದೆಯಲ್ಲೂ ಹೇಳಬಲ್ಲೆ. ಆಗ ಒಂದು ವಿಚಾರ ಬಂದು ಮೈ ಜುಂ ಅಂತು. ಇಲ್ಲಿರುವ ಪ್ರತಿ ಡಬ್ಬಾಕ್ಕೂ ಎಲ್ಲೋ ಒಬ್ಬರು ಕೂತು ಬರೆದಿದ್ದಾರೆ. ಯಾವುದೋ ದೇಶದಲ್ಲಿ, ಯಾವುದೋ ಮೂರನೇ ಮಾಳಿಗೆಯಲ್ಲಿ, ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಹಿಂದಿನ ಫಾರ್ಮಿನ ಮೇಲೆ ಹೊಸದನ್ನು. ಅವರು ಬರೆದ ಒಂದು ಸಾಲನ್ನು ನಂಬಿ ಇಷ್ಟು ಕಬ್ಬಿಣ ಎದ್ದು ನಡೆಯುತ್ತಿದೆ. ನನ್ನ ಕೆಲಸ ಸಣ್ಣದು ಅಂತ ನಾನೇ ಅಂದುಕೊಂಡಿದ್ದೆನಲ್ಲ! ಅಲ್ಲಿಯವರೆಗೆ ತಪ್ಪಿಗೆ ನಾಚಿಕೆಯಾಗಿತ್ತು, ಆಗ ಮೊದಲ ಸಲ ಹೆದರಿಕೆಯಾಯಿತು.

ಜೀಪು ಒಂದು ದೊಡ್ಡ ಕಪ್ಪು ಗೋಡೆಯ ಹತ್ತಿರ ಹೊರಳಿತು. ಗೋಡೆ ಎಷ್ಟು ಎತ್ತರ ಅಂದರೆ ಹೆಲ್ಮೆಟ್ಟು ಹಿಂದಕ್ಕೆ ಜಾರುವವರೆಗೆ ಕತ್ತು ಎತ್ತಿದೆ. ಎಡಕ್ಕೂ ಬಲಕ್ಕೂ ಅದಕ್ಕೆ ಕೊನೆಯಿಲ್ಲ. "ಹಡಗೆಲ್ಲಿ ನಿಂತೈತ್ರಿ?" ಅಂತ ಕೇಳಿದೆ.

ಮೇಸ್ತ್ರಿ ಜೀಪು ನಿಲ್ಲಿಸಿ ನನ್ನ ಮುಖ ನೋಡಿದರು. "ಅಕ್ಕಾರ, ನೀವು ನೋಡಾಕತ್ತೀರಲ್ರಿ, ಅದ ಹಡಗು."

ನಮ್ಮ ಮುಲುಂಡ್ ಸೊಸೈಟಿಯ ನಾಲ್ಕೂ ಬಿಲ್ಡಿಂಗನ್ನು ಅಡ್ಡ ಮಲಗಿಸಿದರೂ ಅದರ ಮೈಯ ಒಂದು ಮೂಲೆಗೆ ಸಾಲದು. ಮೇಲೆ ಡಬ್ಬಾಗಳ ಇನ್ನೊಂದು ಊರು. ಅಷ್ಟು ದೊಡ್ಡದು ನೀರಿನ ಮೇಲೆ ನಿಂತಿದೆ, ಅದೂ ಅಲುಗದೆ. ಬೇಕೆಂದು ಕೈ ಮುಗಿಯಲಿಲ್ಲ, ಕೈಗಳು ತಾವೇ ಜೋಡಿಸಿಕೊಂಡಿದ್ದವು.

"ಆಮ್ಯಾಲೆ ನೋಡೀರಂತ ಬರ್ರಿ, ಹೊತ್ತಿಲ್ಲ" ಅಂದರು ಮೇಸ್ತ್ರಿ.

ತಣ್ಣನೆಯ ಡಬ್ಬಾಗಳದು ಬೇರೆ ಸಾಲು. ಪ್ರತಿಯೊಂದಕ್ಕೂ ದಪ್ಪ ವೈರು ಸಿಕ್ಕಿಸಿದ್ದರು, ಎಲ್ಲವೂ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಕಬ್ಬಿಣದ ಮೆಟ್ಟಿಲು ಹತ್ತಿ ಎರಡನೇ ಅಂತಸ್ತಿಗೆ ಹೋದೆವು. ಬೂಟು ಜಾರಿ ಒಂದು ಸಲ ಬೀಳುವುದರಲ್ಲಿದ್ದೆ. ಅಲ್ಲಿತ್ತು ತಮ್ಮನ ಡಬ್ಬಾ. ನಾನೇ ಬರೆದ ನಂಬರು, ನನ್ನ ಕಣ್ಣಿನ ಎದುರು, ಅಂಗೈ ಅಗಲದ ಅಕ್ಷರಗಳಲ್ಲಿ.

ಕಿಂಡಿ ಎಷ್ಟು ದೊಡ್ಡದು ಗೊತ್ತೇನು? ಒಂದು ತಾಟಿನಷ್ಟೂ ಇಲ್ಲ. ಪೌಡರ್ ಡಬ್ಬಿಯ ಮುಚ್ಚಳ ತಿರುಗಿಸಿದರೆ ತೂತಿಗೆ ತೂತು ಸೇರುತ್ತದಲ್ಲ, ಹಾಗೆ ತಿರುಗುವ ಒಂದು ತಗಡು. ಇಷ್ಟು ದೊಡ್ಡ ಬಂದರು, ಇಷ್ಟು ದೊಡ್ಡ ಹಡಗು, ನನ್ನ ತಮ್ಮನ ಇಷ್ಟು ವರ್ಷ, ಎಲ್ಲ ಆ ತಗಡಿನ ಮೇಲೆ ನಿಂತಿತ್ತು. ಮೇಸ್ತ್ರಿ ಪಾನಾ ಹಾಕಿ ನಟ್ಟು ಸಡಿಲಿಸಿದರು, ತಗಡು ತಿರುಗಿಸಿದರು, ಮತ್ತೆ ಬಿಗಿದರು. ಅರ್ಧ ನಿಮಿಷದ ಕೆಲಸ.

"ಮಾರಿ ಹಂತೇಕ ತರ್ರಿ" ಅಂದರು.

ಮುಖ ಹತ್ತಿರ ಒಯ್ದೆ. ಡೀಸೆಲ್ಲು, ಉಪ್ಪು, ತುಕ್ಕಿನ ವಾಸನೆಯ ನಡುವೆ ಆ ಕಿಂಡಿಯಿಂದ ತಣ್ಣನೆಯ ಗಾಳಿ ಬಂತು, ಅದರಲ್ಲಿ ನಿಂಬೆಹಣ್ಣಿನ ವಾಸನೆ. ಯಾರೋ ಒಳಗಿದ್ದು ಉಸಿರು ಬಿಟ್ಟಂತೆ. ನನಗೆ ಅಳು ಬಂತು. ಅಳುವುದು ನನ್ನ ಜಾಯಮಾನವಲ್ಲ, ಹೆಲ್ಮೆಟ್ಟಿನ ಪಟ್ಟಿ ಸರಿಮಾಡುವ ನೆವದಲ್ಲಿ ಒರೆಸಿಕೊಂಡೆ.

"ಹಣ್ಣಂದ್ರ ಜಿಂದಾ ಮಾಲ್ರಿ ಅಕ್ಕಾರ" ಅಂದರು ಮೇಸ್ತ್ರಿ, ಮೆತ್ತಗೆ. "ಮೀನಿನಂಗ ಅಲ್ಲ."

"ಇಷ್ಟು ದಿನ ಉಸಿರು ಕಟ್ಟಿದ್ವಲ್ಲ, ಉಳೀತಾವೇನ್ರಿ?"

"ಸುಳ್ಳ್ಯಾಕ ಹೇಳ್ಲಿ? ಗೊತ್ತಿಲ್ರಿ. ಆಚಿ ಕಡೆ ಬಾಗಲಾ ತೆಗದಾಗ ಗೊತ್ತಾಗ್ತದ."

ಸಹಿ ಹಾಕಿದೆ. ಸ್ವಲ್ಪ ಹೊತ್ತಿಗೆ ವೈರು ಕಿತ್ತು, ಡಬ್ಬಾವನ್ನು ಟ್ರೇಲರಿನ ಮೇಲೆ ಹಡಗಿನ ಬುಡಕ್ಕೆ ಒಯ್ದರು. ನಾವು ದೂರ ನಿಂತೆವು. ಕ್ರೇನಿನಿಂದ ನಾಲ್ಕು ಹಗ್ಗದ ಚೌಕಟ್ಟು ಇಳಿದು ಡಬ್ಬಾದ ನಾಲ್ಕು ಮೂಲೆ ಕಚ್ಚಿತು. ಎತ್ತಿತು. ನಮ್ಮ ಊರಿನ ಅಷ್ಟೂ ನಿಂಬೆಹಣ್ಣು ಮೋಡದ ಎದುರು ಒಂದು ಗಳಿಗೆ ನಿಂತು, ನೀರಿನ ಮೇಲೆ ಸಾಗಿ, ಗೋಡೆಯ ಆಚೆ ಇಳಿದು ಕಾಣದಾಯಿತು. ಆ ಸಾವಿರಾರು ಡಬ್ಬಾಗಳಲ್ಲಿ ನಮ್ಮದು ಯಾವುದು ಅಂತ ಆಮೇಲೆ ದೇವರಿಗೂ ಗೊತ್ತಾಗುವಂತಿರಲಿಲ್ಲ.

ಗೇಟಿನ ಹೊರಗೆ ತಮ್ಮ ಹಾಗೇ ನಿಂತಿದ್ದ, ಚಹಾ ಕೂಡ ಕುಡಿದಿರಲಿಲ್ಲ. "ಹೆಂಗಿತ್ತ ಅಕ್ಕಾ? ನಮ್ಮ ಡಬ್ಬಾ ನೋಡಿದೇನು? ಏರಿತೇನು?" ಹಬ್ಬದ ದಿನದ ಮುಖ.

ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. "ತಮ್ಮಾ, ತಪ್ಪು ನಂದು" ಅಂದೆ. ಎಲ್ಲ ಹೇಳಿದೆ. ಮೀನಿನ ಫಾರ್ಮಿನ ಮೇಲೆ ಬರೆದದ್ದು, ಒಂದು ಸಾಲು ಉಳಿದದ್ದು, ಇಷ್ಟು ದಿನ ಹಣ್ಣು ಉಸಿರಿಲ್ಲದೆ ಇದ್ದದ್ದು, ಈಗ ತೆರೆದದ್ದು, ಆದರೂ ಏನಾಗುತ್ತದೋ ಯಾರಿಗೂ ಗೊತ್ತಿಲ್ಲದ್ದು.

ಅವನು ಕೂಗಾಡಿದ್ದರೆ ನಾನೂ ಎರಡು ಮಾತು ಅನ್ನುತ್ತಿದ್ದೆ. ಅವನು ಕೂಗಾಡಲಿಲ್ಲ. "ನಾ ಎಲ್ಲಾರ ಮುಂದೂ ಹೇಳಿದ್ನಲ್ಲ ಅಕ್ಕಾ, ಕಾಗದಾ ನಮ್ಮ ಅಕ್ಕನ ಬರೀತಾಳ, ಚಿಂತಿಲ್ಲ ಅಂತ" ಅಂದ. ವ್ಯಾನ್ ಹತ್ತಿದ. ಮತ್ತೆ ಸೇತುವೆ ಹತ್ತಿದೆವು. ಎಡಕ್ಕೆ ಅಷ್ಟು ದೂರದಲ್ಲಿ ಹಡಗುಗಳು ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದವು. ಅವು ಎಷ್ಟು ದೊಡ್ಡವು ಅಂತ ಈಗ ನನಗೆ ಗೊತ್ತಿತ್ತು, ಪಕ್ಕದಲ್ಲಿ ಕೂತವನಿಗೆ ಹೇಳುವ ಧೈರ್ಯ ಇರಲಿಲ್ಲ. ಬೈಕುಲ್ಲಾದಲ್ಲಿ ಇಳಿಸಿ, ನನ್ನ ಛತ್ರಿ ಕೈಗೆ ಕೊಟ್ಟು ಹೋದ.

ಆಮೇಲೆ ಅವನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ? ಹಡಗು ಎಲ್ಲಿದೆ ಅಂತ ಫೋನಿನಲ್ಲೇ ನೋಡಬಹುದು. ದಿನಾ ಬೆಳಿಗ್ಗೆ ಲೋಕಲ್ಲಿನಲ್ಲಿ ಕಂಬಿ ಹಿಡಿದು ನಿಂತು ನೋಡುತ್ತಿದ್ದೆ. ನೀಲಿಯ ಮೇಲೆ ಒಂದು ಪುಟ್ಟ ಬಾಣ. ನಾನು ಮುಲುಂಡಿನಿಂದ ಫೋರ್ಟಿಗೆ ಹೋಗಿ, ಹೊರಳಿ ಬಂದು, ಅಡಿಗೆ ಮಾಡಿ, ಮಲಗಿ ಏಳುವುದರೊಳಗೆ ಅದು ಬೆರಳಿನ ಅಗಲದಷ್ಟು ಮುಂದೆ ಹೋಗಿರುತ್ತಿತ್ತು. ಆ ಬಾಣದೊಳಗೆ ಆ ಕಪ್ಪು ಗೋಡೆ, ಗೋಡೆಯೊಳಗೆ ಒಂದು ಕಿಂಡಿ, ಕಿಂಡಿಯಲ್ಲಿ ಒಂದು ಉಸಿರು. ಮನುಷ್ಯರು ಇಂಥದ್ದನ್ನೆಲ್ಲ ಕಟ್ಟಿದ್ದಾರಲ್ಲ ಅಂತ ಬೆರಗಾಗುತ್ತಿತ್ತು, ಮರುಗಳಿಗೆಗೆ ತಮ್ಮನ ಮುಖ ನೆನಪಾಗುತ್ತಿತ್ತು. ಹಡಗು ದಂಡೆ ಮುಟ್ಟಿದ ದಿನ ನಾನು ಊಟ ಮಾಡಲಿಲ್ಲ.

ಅದರ ಮರುದಿನ ಬೆಳಿಗ್ಗೆ, ಲೋಕಲ್ಲು ಘಾಟ್ಕೋಪರ್ ಬಿಟ್ಟಿತ್ತು, ಫೋನು ಬಡಿಯಿತು. ತಮ್ಮ ವಿಡಿಯೋ ಕಳಿಸಿದ್ದ, ಬರೀ ವಿಡಿಯೋ. ಯಾವುದೋ ಬಿಸಿಲೂರಿನ ಅಂಗಳ. ಉದ್ದ ನಿಲುವಂಗಿಯ ಒಬ್ಬರು ನಿಂತಿದ್ದಾರೆ. ಡಬ್ಬಾದ ಬಾಗಿಲು ತೆರೆಯಿತು, ಬಿಳಿ ಹಬೆ ಹೊರಗೆ ಉರುಳಿತು. ಯಾರದೋ ಕೈ ತಮ್ಮನ ಹೆಸರಿನ ಪೆಟ್ಟಿಗೆಯೊಂದನ್ನು ಎಳೆದು ಪಟ್ಟಿ ಕೊಯ್ಯಿತು. ಅಷ್ಟರಲ್ಲಿ ಪಕ್ಕದವಳ ಮೊಳಕೈ ತಾಗಿ ವಿಡಿಯೋ ನಿಂತುಹೋಯಿತು. ಮತ್ತೆ ಒತ್ತಲು ಹೋದೆ. ಅಷ್ಟರಲ್ಲಿ ಅವನದೇ ಫೋನು ಬಂತು.

"ಅಕ್ಕಾ" ಅಂದ. ಹಿಂದೆ ಮಾರ್ಕೆಟ್ಟಿನ ಗದ್ದಲ. "ಹಸರ ಅದಾವ."

ನಾನು ಕಂಬಿ ಗಟ್ಟಿ ಹಿಡಿದೆ. ಕಿಟಕಿ ಪಕ್ಕದ ಹೆಂಗಸು ನನ್ನ ಮುಖ ನೋಡಿ ಎದ್ದು, "ಬೈಠೋ ಬೈಠೋ" ಅಂತ ತನ್ನ ಜಾಗ ಕೊಟ್ಟಳು. ಕೂತೆ. ಕಿಟಕಿ ತೆರೆದಿತ್ತು, ಮಳೆಗಾಳಿ ಮುಖಕ್ಕೆ ಬಡಿಯುತ್ತಿತ್ತು.

"ಕೇಳಾಕತ್ತಿಯೇನು?" ಅಂದ ತಮ್ಮ. "ಇನ್ನೊಂದು ಡಬ್ಬಾ ಬೇಡ್ಯಾನ. ಮುಂದಿನ ವಾರ ಕಾಗದಾ ಬರೀಬೇಕು ನೀ. ಖಾಲಿ ಫಾರ್ಮಿನಿಂದ ಶುರು ಮಾಡು."

"ನನಗ ಕೆಲಸ ಕಲಸಬ್ಯಾಡೋ" ಅನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು "ಹೂಂ" ಅಷ್ಟೇ.